ಟ್ರೆಬೊನ್ ಕೆರೆ ಏರಿ ಮೇಲೆ ಸೈಕಲ್ಲು, ಮತ್ತೆ ಆ 400 ಕೊರುನಾ ಮೀನು

ಈ ವಿಡಿಯೊದಲ್ಲಿ ಗಾಳಿ ಸದ್ದಿಗೆ ನನ್ನ ಮಾತು ಒಂದೂ ಕೇಳಿಸುತ್ತಿಲ್ಲ, ಅದಕ್ಕೇ ಮನೆಗೆ ಬಂದು ಧ್ವನಿ ಸೇರಿಸುತ್ತಿದ್ದೇನೆ. ಊರು ಟ್ರೆಬೊನ್, ಚೆಕ್ ದೇಶದ ದಕ್ಷಿಣಕ್ಕೆ. ಅದನ್ನ ಹೀಗೆ ಹೇಳಬಾರದಂತೆ. ಸೈಕಲ್ ಬಾಡಿಗೆಯವನು ಎರಡು ಸಲ ತಿದ್ದಿದ, ನಾಲಿಗೆ ಹೊರಳಲಿಲ್ಲ.

ಈ ನೀರು ಸರೋವರ ಅಲ್ಲ, ಕೆರೆ! ಹೆಸರು ರೋಜಂಬೆರ್ಕ್. ಯಾಕುಬ್ ಕ್ರ್ಚೀನ್ ಅನ್ನುವವನು 1584ರಿಂದ 1590ರವರೆಗೆ ಕಟ್ಟಿಸಿದ್ದು. ಇಡೀ ದೇಶದಲ್ಲಿ ಇದಕ್ಕಿಂತ ದೊಡ್ಡ ಮೀನಿನ ಕೆರೆ ಇಲ್ಲ. ಸೂಳೆಕೆರೆ ನೋಡಿ ಬೆಳೆದ ದಾವಣಗೆರೆಯವನು ನಾನು, ಇವರದ್ದೇನು ಮಹಾ ಅಂತ ಬಂದಿದ್ದೆ. ತುಳಿದಷ್ಟೂ ಏರಿ ಮುಗಿಯುತ್ತಿಲ್ಲ. ಈ ಓಕ್ ಮರಗಳು ಬರೀ ನೆರಳಿಗಲ್ಲ, ಬೇರು ಏರಿ ಮಣ್ಣನ್ನು ಹಿಡಿದುಕೊಳ್ಳಲಿ ಅಂತ ನೆಟ್ಟಿದ್ದು. ಸುತ್ತಲಿನ ಪ್ರದೇಶ 1977ರಿಂದ ಯುನೆಸ್ಕೋದ ಜೀವಗೋಳ ಮೀಸಲು. ಅಗೆದವರು ಮನುಷ್ಯರು, ಈಗ ಅಲ್ಲಿ ಹಕ್ಕಿಗಳದೇ ರಾಜ್ಯ.

ಹಾಂ, ಈ ಪ್ಲೇಟು. ಕಾರ್ಪ್ ಮೀನು, ನಮ್ಮ ಸಾಮಾನ್ಯ ಗೆಂಡೆ. ಇವರಿಗೆ ಇದಿಲ್ಲದೆ ಕ್ರಿಸ್‌ಮಸ್ಸೇ ಇಲ್ಲ, ಚಳಿಗಾಲದ ಮುಂಚೆ ಕೆರೆ ನೀರು ಬಿಟ್ಟು ಹಿಡಿಯುತ್ತಾರೆ. ಮೆನುವಿನಲ್ಲಿ 80 ಕೊರುನಾ (ಚೆಕ್ ದುಡ್ಡು) ಅಂತ ಇತ್ತು. ಅಯ್ಯೋ ಇಷ್ಟು ಅಗ್ಗನಾ ಅಂತ ಖುಷಿಯಿಂದ ಆರ್ಡರ್ ಮಾಡಿದೆ, ಜೊತೆಗೆ ಇನ್ನೊಂದು ಹೇಳೋಣವಾ ಅಂತಲೂ ಅಂದೆ, ಪುಣ್ಯಕ್ಕೆ ಹೆಂಡತಿ ಬೇಡ ಅಂದಳು. ಬಿಲ್ ಬಂತು: 400! ಜಗಳಕ್ಕೆ ನಿಂತೆ. ಹೆಂಡತಿಯೇ ಮೆನು ತಿರುಗಿಸಿ ಬೆರಳಿಟ್ಟು ತೋರಿಸಿದಳು, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ '100 ಗ್ರಾಂಗೆ' ಅಂತ ಇದೆ. ನನ್ನ ಮೀನು ಅರ್ಧ ಕೆಜಿ. ಅದರಲ್ಲಿ ಮುಳ್ಳೇ ಜಾಸ್ತಿ, ಮುಳ್ಳಿಗೂ ನಾನೇ ದುಡ್ಡು ಕೊಟ್ಟಿದ್ದೇನೆ! ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದೂವರೆ ಸಾವಿರ ರೂಪಾಯಿ. ಅಷ್ಟು ಕೊಟ್ಟು ಕೆಸರು ವಾಸನೆ. ನಮ್ಮಮ್ಮನಾದರೆ ಹುಣಸೆಹುಳಿ, ಖಾರ ಹಾಕಿ ಆ ವಾಸನೆ ಎಲ್ಲಿದ್ದರೂ ಓಡಿಸುತ್ತಿದ್ದಳು. ಅವಳ ಸಾರಿಗೆ ಮಣ್ಣಿನ ಗಡಿಗೆಯೇ ಆಗಬೇಕು, ಅದು ಒಡೆದ ಕಥೆ ಇನ್ನೊಂದು... ಅಯ್ಯೋ, ಶಾಟ್ ಮುಗೀತು.

ಇದು ಸ್ವೆಟ್ ಕೆರೆ, ಊರಿಗೇ ಅಂಟಿಕೊಂಡಿದೆ. ಇದನ್ನೂ ಕಟ್ಟಿಸಿದ್ದು ಅದೇ ಕ್ರ್ಚೀನ್, ಇದಕ್ಕಾಗಿ ಊರಂಚಿನ ಮನೆಗಳನ್ನು ಕೆಡವಿದರು. ಜನಕ್ಕೆ ಇದು ಬೇಡವಾಗಿತ್ತು, ಅದಕ್ಕೇ ಮೊದಲ ಹೆಸರು 'ಕೃತಘ್ನತೆ' ಅಂತ. ಕ್ರ್ಚೀನ್ ಈಗಲೂ ರಾತ್ರಿ ಹೊತ್ತು ಬೆಕ್ಕುಗಳು ಎಳೆಯುವ ಗಾಡಿಯಲ್ಲಿ ಕೆರೆ ಏರಿ ಮೇಲೆ ಓಡಾಡುತ್ತಾನಂತೆ. ಜನ ಇನ್ನೂ ಬೈಯುತ್ತಿದ್ದಾರೆ ಅಂತಾಯಿತು, ಅಲ್ವಾ?

ರೈಲಿಗೆ 20 ನಿಮಿಷ ಇದೆ, ಸೈಕಲ್ ವಾಪಸ್ ಕೊಡಬೇಕು. ಮೀನು ಅಷ್ಟೇನೂ ಕೆಟ್ಟದಾಗಿರಲಿಲ್ಲ ಬಿಡಿ, ಚರ್ಮ ಗರಿಗರಿ ಇತ್ತು. ಬೆಲೆ ವಿಷಯದಲ್ಲಿ ಮಾತ್ರ ನಾನು ಜಗ್ಗಲ್ಲ.