ಮೊದಲು ಚೀಟಿ, ಆಮೇಲೆ ಔಷಧ

ಕೇಳುಗರಿಗೆ ನಮಸ್ಕಾರ. ಔರಾದ, ಭಾಲ್ಕಿ, ಆಳಂದ, ಶಹಾಪುರ ಕಡೆ ದನದ ದವಾಖಾನೆ ನೋಡಿಕೊಳ್ಳುವ ಡಾಕ್ಟರರೇ, ಇವತ್ತಿನ ಮಾತು ನಿಮಗೆ: ಹೊಸ ಔಷಧವನ್ನು ನಿಮ್ಮ ದವಾಖಾನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ ಅಂತ. ದನ ಕಟ್ಟಿದ ರೈತರೂ ಕೇಳಿ, ನೀವು ಒಪ್ಪದೆ ಈ ಕೆಲಸ ನಡೆಯುವುದಿಲ್ಲ.

ಹೊಸ ಔಷಧದ ಪರೀಕ್ಷೆ ಅಂದ ಕೂಡಲೇ, ಅದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಲಸ, ನಮಗೇನು ಅನ್ನುತ್ತೀರಿ. ಆ ವಿಶ್ವವಿದ್ಯಾಲಯ ಇರುವ ನಂದಿನಗರದ ತನಕ ಬರುವುದು ಕೈಮೀರಿದ ದನ, ಇಲ್ಲವೇ ಗಾಡಿ ಬಾಡಿಗೆ ಕೊಡಬಲ್ಲವರ ದನ. ಕೊಟ್ಟಿಗೆಯಲ್ಲಿ ಮೊದಲ ದಿನದ ಜ್ವರ ನೋಡುವವರು ನೀವೇ.

2022ರ ಚರ್ಮಗಂಟು ರೋಗ ನೆನಪಿಸಿಕೊಳ್ಳಿ. ಮೈತುಂಬ ಗಂಟು, ಕಾಲಲ್ಲಿ ಬಾವು, ಮೇವು ಬಿಟ್ಟ ಆಕಳು. 10 ವೀಳ್ಯದೆಲೆ, 10 ಗ್ರಾಂ ಕಾಳುಮೆಣಸು, 10 ಗ್ರಾಂ ಉಪ್ಪು ಅರೆದು ಬೆಲ್ಲ ಸೇರಿಸಿ ತಿನ್ನಿಸಿದವರಿದ್ದರು. ಬೇವು, ಅರಿಶಿನ ಹಚ್ಚಿದವರಿದ್ದರು. ಸೂಜಿಯ ಮೇಲೆ ಸೂಜಿ ಹಾಕಿಸಿದವರೂ ಇದ್ದರು. ಆಕಳು ಎದ್ದು ಮೇವಿಗೆ ಬಾಯಿ ಹಾಕಿದಾಗ ಪ್ರತಿಯೊಬ್ಬರೂ ನಮ್ಮ ಔಷಧದಿಂದಲೇ ಅಂದರು. ಆದರೆ ಈ ರೋಗದಲ್ಲಿ ಸಾಯುವುದು ಸಾಮಾನ್ಯವಾಗಿ ನೂರಕ್ಕೆ 1ರಿಂದ 5. ಉಳಿದವುಗಳಲ್ಲಿ ಬಹುಪಾಲು ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಹಾಗಾದರೆ ಗುಣ ಮಾಡಿದ್ದು ಎಲೆಯೋ, ಸೂಜಿಯೋ, ಆಕಳ ಮೈಯ ಕಸುವೋ? ಹೋಲಿಸಲು ಇನ್ನೊಂದು ಗುಂಪು ಇಲ್ಲದ ಕಡೆ ಯಾರೂ ಹೇಳಲಾರರು. ಅಷ್ಟು ಜನ ಡಾಕ್ಟರರು ಹಗಲು ರಾತ್ರಿ ದುಡಿದರು, ಉತ್ತರ ಮಾತ್ರ ಕೈಗೆ ಸಿಗಲಿಲ್ಲ. ಇದು ನನಗೆ ಸಹಿಸಲಾಗದ ಸಂಗತಿ.

ಅದಕ್ಕೇ ಹೇಳುವುದು, ಯಾವ ದನಕ್ಕೆ ಹೊಸ ಔಷಧ, ಯಾವುದಕ್ಕೆ ರೂಢಿಯದು ಅಂತ ನೀವು ಆರಿಸಬೇಡಿ, ಚೀಟಿ ಎತ್ತಿ. 20 ಲಕೋಟೆ ತಗೊಳ್ಳಿ. 10ರಲ್ಲಿ ‘ಹೊಸದು’, 10ರಲ್ಲಿ ‘ರೂಢಿಯದು’ ಎಂಬ ಚೀಟಿ ಹಾಕಿ, ಅಂಟಿಸಿ, ಚೆನ್ನಾಗಿ ಕಲಸಿ, ಆಮೇಲೆ ನಂಬರ್ ಬರೆಯಿರಿ. ರೈತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ನೀವು ಜ್ವರ ಬರೆದುಕೊಂಡ ಮೇಲೆಯೇ ಮುಂದಿನ ನಂಬರಿನದನ್ನು ಒಡೆಯಿರಿ. ಮೊದಲೇ ಒಡೆದರೆ ಹೆಚ್ಚು ನರಳುವ ಆಕಳಿಗೇ ಹೊಸದನ್ನು ಕೊಡಲು ಮನಸ್ಸು ಎಳೆಯುತ್ತದೆ. ಆಗ ಒಳ್ಳೆಯ ಔಷಧವೂ ಸೋತಂತೆ ಕಾಣುತ್ತದೆ. ಜ್ವರದ ಔಷಧ, ಗಾಯದ ಆರೈಕೆ ಎರಡೂ ಗುಂಪಿಗೆ ಒಂದೇ ಇರಲಿ. ಒಂದು ದವಾಖಾನೆಯ 20 ದನ ಸಾಲದು. ಇದೇ ಪದ್ಧತಿಯಲ್ಲಿ ಹತ್ತಾರು ದವಾಖಾನೆ ಕೂಡಬೇಕು.

ಥರ್ಮಾಮೀಟರಿನ ತುದಿ ಗುದದ ಗೋಡೆಗೆ ತಾಗಿರಲಿ. ಸಗಣಿಯೊಳಗೆ ಹೊಕ್ಕರೆ ಜ್ವರ ಕಡಿಮೆ ತೋರಿಸುತ್ತದೆ. ಬೆಳಿಗ್ಗೆಯೇ ನೋಡಿ; ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿಗೆ ಗಟ್ಟಿಮುಟ್ಟಾದ ಆಕಳ ಮೈಯೂ ಕಾಯುತ್ತದೆ. ಔಷಧ ಕೊಡುವ ದಿನ, ಆಮೇಲೆ 3, 7, 14ನೇ ದಿನ ಜ್ವರ, ಗಂಟು, ಹಾಲು ಬರೆಯಿರಿ. ದನದ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿ ಪೂರ್ತಿ ಇರಲಿ. ‘ಕೆಂದಾಕಳು’ ಅಂತ ಬರೆದಿಟ್ಟರೆ ಏಳನೇ ದಿನ ಯಾವುದನ್ನು ಹುಡುಕುತ್ತೀರಿ? ಸತ್ತದ್ದು, ಸಂತೆಯಲ್ಲಿ ಮಾರಿದ್ದು, ಎರಡೂ ಲೆಕ್ಕದಲ್ಲಿರಬೇಕು.

ಸಮಯ ಮುಗಿಯುತ್ತ ಬಂತು, ಬೇಗ ಹೇಳುತ್ತೇನೆ. ಪ್ರಾಣಿಗಳ ಮೇಲಿನ ಪರೀಕ್ಷೆ ಸರಿಯೇ ಎಂದು ನೋಡುವ ನೀತಿ ಸಮಿತಿಯ ಅನುಮತಿ ಮೊದಲು. ಔಷಧದ ಅಂಶ ಹಾಲಿನಲ್ಲಿರುವಷ್ಟು ದಿನ ಆ ಹಾಲು ಡೇರಿಗೂ ಬೇಡ, ಮನೆಯ ಮಕ್ಕಳಿಗೂ ಬೇಡ. ಆ ನಷ್ಟ ಯಾರು ಕೊಡುತ್ತಾರೆ ಎಂಬುದು ಒಪ್ಪಿಗೆ ಪತ್ರದಲ್ಲಿರಲಿ. ರೈತ ನಡುವೆ ಬೇಡ ಅಂದರೆ ಪರೀಕ್ಷೆ ಬಿಡಿ, ಚಿಕಿತ್ಸೆ ಬಿಡಬೇಡಿ. ನಮಸ್ಕಾರ.