ಬಾಲದಡಿಯ ಕೆಂಪು ನಂಬಬೇಡಿ

ಕೇಳುಗರಿಗೆ ನಮಸ್ಕಾರ. ಬುಲ್‌ಬುಲ್ ಹಕ್ಕಿ, ಅಂದರೆ ಪಿಕಳಾರ, ನಿಮಗೆ ಗೊತ್ತೇ ಇರುತ್ತದೆ. ಅದರಲ್ಲಿ ನಾವು ಜಾಸ್ತಿ ಕಾಣುವುದು ಎರಡು ಬಗೆ. ಒಂದು ಕೆಮ್ಮೀಸೆ ಪಿಕಳಾರ. ಇನ್ನೊಂದು ಬಾಲದಡಿ ಕೆಂಪಿರುವ ಪಿಕಳಾರ. ಮಾತಿನ ಅನುಕೂಲಕ್ಕೆ ಅದನ್ನು ಮೋಟುಜುಟ್ಟು ಅನ್ನೋಣ.

ಎರಡೂ ಒಂದೇ ಕುಲದವು. ಉದ್ದ ಸುಮಾರು 20 ಸೆಂಟಿಮೀಟರ್. ತಮಾಷೆ ಏನೆಂದರೆ, ಬಾಲದ ಬುಡದ ಕೆಳಗಿನ ಕೆಂಪು ಎರಡಕ್ಕೂ ಉಂಟು! ಹಾಗಾಗಿ ಅದೊಂದನ್ನೇ ನೋಡಿ ಹೆಸರು ಹೇಳಲು ಹೋಗಬೇಡಿ.

ತಲೆ ನೋಡಿ. ಕೆಮ್ಮೀಸೆಯದು ನೆಟ್ಟಗೆ ನಿಂತ ಚೂಪು ಜುಟ್ಟು. ಕಣ್ಣಿನ ಹಿಂದೆ ಪುಟ್ಟ ಕೆಂಪು ಮಚ್ಚೆ, ಅದರ ಕೆಳಗೆ ಬಿಳಿ ಕೆನ್ನೆ, ಕೆನ್ನೆಯ ಅಂಚಿಗೆ ತೆಳ್ಳನೆಯ ಕಪ್ಪು ಗೆರೆ. ಹೊಟ್ಟೆ ಬಿಳಿ. ಮೋಟುಜುಟ್ಟಿಗೆ ಇಷ್ಟು ಸಿಂಗಾರ ಇಲ್ಲ. ತಲೆಯೆಲ್ಲ ಕಪ್ಪು. ಮೈಮೇಲಿನ ಕಂದು ಗರಿಗಳ ಅಂಚು ಮಾತ್ರ ಮಾಸಲು ಬಿಳಿ, ಹತ್ತಿರದಿಂದ ನೋಡಿದರೆ ಮೀನಿನ ಹುರುಪೆ ಜೋಡಿಸಿದ ಹಾಗಿರುತ್ತದೆ. ಬೆನ್ನು ತಿರುಗಿಸಿ ಹಾರಿಬಿಟ್ಟಿತಾ? ಒಳ್ಳೆಯದೇ ಆಯಿತು. ಬಾಲದ ಬುಡದ ಮೇಲ್ಭಾಗ ಬೆಳ್ಳಗೆ ಹೊಳೆದರೆ ಅದು ಮೋಟುಜುಟ್ಟೇ.

ಮರಿಗಳದ್ದು ಸ್ವಲ್ಪ ತಕರಾರು. ಎಳೆಯ ಕೆಮ್ಮೀಸೆಗೆ ಆ ಕೆಂಪು ಮಚ್ಚೆಯೇ ಇರುವುದಿಲ್ಲ, ಬಾಲದಡಿಯ ಬಣ್ಣವೂ ಸಪ್ಪೆ. ಬಿಳಿ ಕೆನ್ನೆ ಹುಡುಕಿ, ಸಾಕು.

ದನಿಯಲ್ಲಿ ಕೆಮ್ಮೀಸೆಯದು ಹೆಚ್ಚು ಇಂಪು ಅಂತ ನನ್ನ ಅಭಿಪ್ರಾಯ. ಅನುಕರಿಸಿ ತೋರಿಸುವುದಿಲ್ಲ, ನೀವು ರೇಡಿಯೊ ಬಂದ್ ಮಾಡಿಬಿಡ್ತೀರಿ.

ಕೆಮ್ಮೀಸೆಗೆ ಮಳೆ ಚೆನ್ನಾಗಿ ಬೀಳುವ, ಮರಗಿಡ ಇರುವ ಜಾಗ ಇಷ್ಟ. ಮೋಟುಜುಟ್ಟು ಒಣ ಕುರುಚಲಿನಲ್ಲೂ ಆರಾಮಾಗಿರುತ್ತದೆ. ತೋಟಗಳಲ್ಲಿ ಎರಡೂ ಒಂದೇ ಹಣ್ಣಿನ ಗಿಡಕ್ಕೆ ಬರುವುದುಂಟು. ಹಣ್ಣು ನುಂಗಿ, ಬೀಜವನ್ನು ಇನ್ನೆಲ್ಲೋ ಹಿಕ್ಕೆಯಲ್ಲಿ ಹಾಕುತ್ತವೆ. ಹುಟ್ಟಿದ ನಾಡಿನಲ್ಲಿ ಇದು ಕಾಡಿಗೆ ಉಪಕಾರ. ಆದರೆ ಜನ ಇವನ್ನು ಪಂಜರದಲ್ಲಿಟ್ಟು ದೂರದ ದ್ವೀಪಗಳಿಗೂ ಒಯ್ದರು. ಫಿಜಿ, ಹವಾಯಿ, ಟಹೀಟಿಗಳಲ್ಲಿ ಈಗ ಮೋಟುಜುಟ್ಟು ಬೀಡುಬಿಟ್ಟಿದೆ. ಹಣ್ಣು, ಮೊಗ್ಗು ಕುಕ್ಕಿ ಹಾಳುಮಾಡುತ್ತದೆ. ಟಹೀಟಿಯಲ್ಲಿ ಮಿಕೋನಿಯಾ ಎಂಬ ಕಳೆಗಿಡದ ಬೀಜವನ್ನೂ ಹರಡುತ್ತದೆ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ.

ಕೆಮ್ಮೀಸೆ ಏನು ಕಡಿಮೆಯಿಲ್ಲ. 1892ರಲ್ಲಿ ಮಾರಿಷಸ್ ತಲುಪಿದ್ದು ದ್ವೀಪವಿಡೀ ಹಬ್ಬಿಕೊಂಡಿತು, ಅಲ್ಲೂ ಕಳೆಗಳ ಬೀಜ ಹರಡುತ್ತಿದೆ. ಆದರೂ ಆ ಪಟ್ಟಿಯಲ್ಲಿ ಅದರ ಹೆಸರಿಲ್ಲ, ನೋಡಿ!