ಆ ಚುಕ್ಕೆಯೊಳಗೆ ಕಾಡಿದೆ

ನಮಸ್ಕಾರ, ಬಾಗಲಕೋಟೆಯಿಂದ ಮಾತನಾಡುತ್ತಿದ್ದೇನೆ. ಹೋದ ವಾರ ಚಿತ್ರಕಲಾವಿದ ಸೈಯದ್ ಹೈದರ್ ರಝಾ ಅವರ ‘ಬಿಂದು’ ಚಿತ್ರ ತೋರಿಸಿದ್ದೆ. ಒಬ್ಬರು ಕೆಳಗೆ ಬರೆದಿದ್ದಾರೆ: ‘ಒಂದು ಕಪ್ಪು ಚುಕ್ಕೆಗೆ ಇಷ್ಟು ಮಾತೇ? ನನ್ನ ಮಗಳು ದಿನಾಲೂ ಅಂಗಳದಲ್ಲಿ ಇಪ್ಪತ್ತು ಚುಕ್ಕೆ ಇಡುತ್ತಾಳೆ.’ ಎರಡು ರಾತ್ರಿ ಈ ಮಾತು ನನ್ನನ್ನು ಮಲಗಗೊಡಲಿಲ್ಲ.

ರಝಾ ಹುಟ್ಟಿದ್ದು 1922ರಲ್ಲಿ, ಮಧ್ಯಪ್ರದೇಶದ ಬಾಬರಿಯಾದಲ್ಲಿ. ತಂದೆ ಅರಣ್ಯ ಇಲಾಖೆಯವರು, ಮನೆಯ ಸುತ್ತ ಕಾಡು. ಹುಡುಗನ ಚಿತ್ತ ನಿಲ್ಲದಿದ್ದಾಗ ಮಾಸ್ತರರು ಗೋಡೆಯ ಮೇಲೆ ಚುಕ್ಕೆ ಬರೆದು, ಇದನ್ನೇ ನೋಡುತ್ತ ಕೂಡು ಎಂದರು. ಆ ಚುಕ್ಕೆ ಕ್ಯಾನ್ವಾಸಿನ ನಡುವೆ ನೆಲೆ ನಿಂತಿದ್ದು 1980ರ ಹೊತ್ತಿಗೆ! ಅಷ್ಟರಲ್ಲಿ ಮುಂಬೈಯ ಬೀದಿಗಳನ್ನು ಜಲವರ್ಣದಲ್ಲಿ ಬರೆದಿದ್ದರು. 1950ರಲ್ಲಿ ಪ್ಯಾರಿಸ್‌ಗೆ ಹೋಗಿ ಅಲ್ಲಿನ ಹಳ್ಳಿ, ಚರ್ಚುಗಳನ್ನು ಬರೆದರು. 1956ರಲ್ಲಿ ಅಲ್ಲಿನ ವಿಮರ್ಶಕರ ಪ್ರಶಸ್ತಿ ಬಂತು. ಆಮೇಲೆ ಒಂದೊಂದಾಗಿ ಮನೆ ಕರಗಿತು, ಮರ ಕರಗಿತು, ಬಣ್ಣ ಉಳಿಯಿತು. ಆದರೂ ಚಿತ್ರದ ಹೆಸರು ‘ಲಾ ತೆರ್’, ಅಂದರೆ ಭೂಮಿ. ನಿಸರ್ಗದಿಂದ ದೂರ ಹೋದವರು ಹೀಗೆ ಹೆಸರಿಡುತ್ತಾರೆಯೇ? ಅವರು ಅದರ ಒಳಗೆ ಇಳಿದರು.

ಕಲೆಯ ಬಗ್ಗೆ ಕನ್ನಡದಲ್ಲಿ ವಾರವಾರ ಮಾತನಾಡುತ್ತೇನೆ. ಹೊಸಬರು ದಯವಿಟ್ಟು ಚಾನೆಲ್‌ನ ಚಂದಾದಾರರಾಗಿ.

ಮರ ಮರದ ಹಾಗೆಯೇ ಕಾಣಬೇಕು ಎನ್ನುವವರೇ, ಹಿಂಗಾರಿನಲ್ಲಿ ನಮ್ಮ ಎರೆಹೊಲಕ್ಕೆ ಬನ್ನಿ. ಬಿಳಿಜೋಳ ಬಿತ್ತಿದ ದಿನ ಕಣ್ಣು ಹರಿಯುವ ತನಕ ಕಪ್ಪೇ ಕಪ್ಪು. ಇಲ್ಲೇನೂ ಇಲ್ಲ ಎಂದು ಬಿತ್ತಿದವನ ಎದುರು ನಿಂತು ಹೇಳಿರಿ, ನೋಡೋಣ! ರಝಾ ಅವರ ಕಪ್ಪೂ ಅದೇ. ಅವರು ಒಳಗೆ ಇಳಿದರು ಎಂದೆನಲ್ಲ, ಇಷ್ಟು ಒಳಗೆ.

ಎಲ್ಲ ದುಡ್ಡಿನ ಆಟ ಎಂದು ಇನ್ನೊಬ್ಬರು. 2023ರಲ್ಲಿ ಅವರ ‘ಗೆಸ್ಟೇಷನ್’ 51.75 ಕೋಟಿ ರೂಪಾಯಿಗೆ ಹರಾಜಾಯಿತು, ಹೌದು. ರಝಾ ತೀರಿಕೊಂಡು ಆಗಲೇ ಏಳು ವರ್ಷ! ಹರಾಜಿನ ಕೂಗನ್ನು ಅವರ ಕುಂಚಕ್ಕೆ ಕಟ್ಟಬೇಡಿ. ಈ ವಾದಕ್ಕೆ ಇದಕ್ಕಿಂತ ಹೆಚ್ಚು ಸಮಯ ಕೊಡುವುದಿಲ್ಲ.

ಇಳಿದರು, ಕಾಡಿನೊಳಗೇ ಇಳಿದರು! ಪ್ಯಾರಿಸ್‌ನಲ್ಲಿ ಅಷ್ಟು ದಶಕ ಬಾಳಿದವರು ಕೊನೆಗೆ ನರ್ಮದೆಯ ದಂಡೆಯ ಮಂಡ್ಲಾದಲ್ಲಿ, ತಂದೆಯ ಸಮಾಧಿಯ ಪಕ್ಕದಲ್ಲಿ ಮಣ್ಣಾದರು. ಇನ್ನೇನು ಸಾಕ್ಷಿ ಬೇಕು ನಿಮಗೆ?

ಮುಂದಿನ ವಾರ ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಿಂದ ಮಾತನಾಡುತ್ತೇನೆ, ತಪ್ಪದೆ ನೋಡಿರಿ. ಮತ್ತೆ ನಿಮ್ಮ ಮಗಳ ಮಾತು, ಸರ್: ಆಕೆಯ ಚುಕ್ಕೆಯನ್ನು ಹಗುರವಾಗಿ ಕಂಡವರು ನೀವು. ನಾಳೆ ಬೆಳಗ್ಗೆ ಅಂಗಳದಲ್ಲಿ ಆಕೆಯ ಪಕ್ಕ ಕುಳಿತು, ಮೊದಲ ಚುಕ್ಕೆಯನ್ನು ಎಲ್ಲಿ ಇಡುತ್ತಾಳೆ ನೋಡಿರಿ. ಆಮೇಲೆ ನನಗೆ ಬರೆಯಿರಿ.